ಮಡಿಕೇರಿಯ ದರೆಯಲ್ಲಿ ಕಂಡ ಈ ನೇರಳೆ ವಯೋಲಾ ಯಾವುದು?

ನೀವು ಕಳಿಸಿದ ಮೂರೂ ಚಿತ್ರಗಳನ್ನು ನೋಡಿದೆ. ವಯೋಲಾ ಎಂಬುದು ಒಂದೇ ಗಿಡದ ಹೆಸರಲ್ಲ, ಹಲವು ಜಾತಿಗಳಿರುವ ಹೂಗಿಡಗಳ ಒಂದು ಕುಲ. ಮೂರರಲ್ಲೂ ಹೂವಿನ ಮುಖ ಮಾತ್ರ ಇದೆ, ಹಿಂದಿನ ಹಸಿರೆಲ್ಲ ಮಸುಕು. ‘ಹೂವು ಸ್ಪಷ್ಟವಾಗಿದೆ, ಇದರಿಂದ ಜಾತಿ ಹೇಳಬಹುದಲ್ಲವೇ’ ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷಗಳ ಹಿಂದೆ ನಾನು ಥೇಟ್ ಇಂಥವೇ ಹನ್ನೊಂದು ಚಿತ್ರಗಳನ್ನು ತೆಗೆದು, ಇದೇ ಪ್ರಶ್ನೆಯನ್ನು ಕೇಳಿದ್ದೆ.

ಆಗ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಶೋಲಾ ಕಾಡಿನ, ಅಂದರೆ ಎತ್ತರದ ಬೆಟ್ಟಗಳ ಕಣಿವೆಯ ಗಿಡ್ಡ ಕಾಡಿನ, ಅಂಚಿಗೆ ಬೆಳೆಯುವ ಗಿಡಗಳ ಪಟ್ಟಿ ಮಾಡುವುದು ನನ್ನ ಪ್ರಬಂಧದ ವಿಷಯವಾಗಿತ್ತು. ಸೆಪ್ಟೆಂಬರ್ ಕೊನೆಯ ವಾರ, ಬೆಳಗಿನಿಂದ ಜಿಟಿಜಿಟಿ ಮಳೆ, ಕಾಲಿಗೆ ಇಂಬಳ. ರಸ್ತೆ ಪಕ್ಕದ ದರೆಯಲ್ಲಿ ಪಾಚಿಯ ನಡುವಿನಿಂದ ಬೆರಳುದ್ದದ ತೊಟ್ಟೊಂದು ಎದ್ದು, ತುದಿಯಲ್ಲಿ ತಲೆ ಬಾಗಿಸಿ ನಿಂತಿತ್ತು. ಐದು ದಳ, ತೆಳು ನೇರಳೆ. ಕೆಳಗಿನ ದಳದ ಮೇಲೆ ಬ್ಲೇಡಿನಿಂದ ಗೀರಿದಂಥ ಕಡು ಗೆರೆಗಳು ಗಂಟಲಿನ ಒಳಕ್ಕೆ ಇಳಿದುಹೋಗಿದ್ದವು. ಆ ಗೆರೆಗಳು ಜೇನುಹುಳುವಿಗೆ ದಾರಿ ತೋರುವ ಗುರುತುಗಳು. ಅದೇ ದಳ ಹಿಂದಕ್ಕೆ ಚಾಚಿಕೊಂಡು ಪುಟ್ಟ ಚೀಲವಾಗಿರುತ್ತದೆ, ಮಕರಂದ ಇರುವುದು ಅದರೊಳಗೆ. ಅಂಥ ಹೂವನ್ನು ಮೊದಲ ಸಲ ಕಾಡಿನಲ್ಲಿ ಕಂಡವರಿಗೆ ಕಣ್ಣು ಕೀಳುವುದು ಕಷ್ಟ. ನನಗೂ ಕಷ್ಟವಾಯಿತು.

ನಾನು ಮಾಡಿದ ತಪ್ಪು ಒಂದೇ, ಆದರೆ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಟ್ಟೆಯ ಮೇಲೆ ಮಲಗಿ ಹೂವಿನ ಮುಖದ ಚಿತ್ರಗಳನ್ನು ತೆಗೆದೆ. ಆಮೇಲೆ ಹೂವನ್ನು ಉಗುರಿನಿಂದ ಚಿವುಟಿ ನೋಟ್‌ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡೆ. ಬುಡವನ್ನು ನೋಡಲಿಲ್ಲ. ಎಲೆಗಳು ಪಾಚಿಯಲ್ಲಿ ಹುದುಗಿದ್ದವು, ಒಂದೆಲಗದ ಎಲೆಗಳೊಂದಿಗೆ ಬೆರೆತುಹೋಗಿದ್ದವು, ಬಿಡಿಸಿ ನೋಡಲು ಐದು ನಿಮಿಷ ಬೇಕಿತ್ತು. ಮಳೆ ಜೋರಾಗುತ್ತಿತ್ತು. ಆದರೆ ಮಳೆಯ ಮೇಲೆ ತಪ್ಪು ಹೊರಿಸಲಾರೆ. ಹೂವು ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ನಾನು ನಿಜವಾಗಿಯೂ ನಂಬಿದ್ದೆ. ಹಾಗೆ ನಂಬುವುದಕ್ಕೆ ಕಾರಣವಿತ್ತು: ಹೂವನ್ನು ಕಂಡ ಕ್ಷಣವೇ ಇದು ವಯೋಲಾ ಎಂದು ಗೊತ್ತಾಗಿತ್ತು. ಐದು ದಳ, ಹಿಂದೆ ಚೀಲ, ಹೊರಗಿನ ಹಸಿರು ಪುಷ್ಪಪತ್ರಗಳ ಬುಡದಲ್ಲಿ ಹಿಂದಕ್ಕೆ ಚಾಚಿದ ಕಿವಿ. ಕುಲದ ಹೆಸರನ್ನು ಹೂವು ಅಷ್ಟು ಸುಲಭವಾಗಿ ಹೇಳಿಬಿಟ್ಟಿದ್ದರಿಂದ ಜಾತಿಯ ಹೆಸರನ್ನೂ ಅದೇ ಹೇಳುತ್ತದೆ ಎಂದುಕೊಂಡೆ. ವಯೋಲಾದ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲಿಯೇ. ಪ್ರಪಂಚದಲ್ಲಿ ಸುಮಾರು 600 ವಯೋಲಾ ಜಾತಿಗಳಿವೆ. ಅವುಗಳಲ್ಲಿ ಎಷ್ಟೋ ಜಾತಿಗಳು ಎದುರಿನಿಂದ ನೋಡಿದರೆ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ.

ಹಾಸ್ಟೆಲಿಗೆ ಬಂದು ಅಂತರ್ಜಾಲದಲ್ಲಿ ಹುಡುಕಿದೆ. ಮೊದಲು ಸಿಕ್ಕಿದ್ದು ಯುರೋಪಿನ ಪರಿಮಳದ ವಯೋಲಾ, ಅಂದರೆ ವಯೋಲಾ ಒಡೊರೇಟಾ. ಬಣ್ಣ ಹೆಚ್ಚುಕಡಿಮೆ ಹೊಂದಿತು. ಪಟ್ಟಿಯಲ್ಲಿ ಅದನ್ನೇ ಬರೆದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹಿರಿಯರು ಆ ಸಾಲಿನ ಮೇಲೆ ಬೆರಳಿಟ್ಟರು.

“ಇದರ ಎಲೆ ಎಲ್ಲಪ್ಪ?”

“ತರಲಿಲ್ಲ ಸರ್.”

“ಬುಡದಿಂದ ಹಂಬು ಹೊರಟಿತ್ತೇ?”

“ನೋಡಲಿಲ್ಲ ಸರ್.”

“ಮತ್ತೆ ಹೆಸರು ಹೇಗೆ ಬರೆದೆ?”

“ಬಣ್ಣ ನೋಡಿ ಸರ್.”

ಅವರು ಬೈಯಲಿಲ್ಲ. ನನ್ನ ಒಣಗಿದ ಹೂವನ್ನು ಭೂತಗನ್ನಡಿಯಲ್ಲಿ ನೋಡಿದರು. ಅದು ಮುಖ ಅಡಿಯಾಗಿ ಅಪ್ಪಚ್ಚಿಯಾಗಿತ್ತು, ಚೀಲ ಮಡಿಸಿ ಮುರಿದಿತ್ತು, ನೇರಳೆ ಬಣ್ಣ ಹೋಗಿ ಕಂದು ಕಲೆಯಷ್ಟೇ ಉಳಿದಿತ್ತು. ಪೆನ್ಸಿಲಿನಿಂದ ಆ ಸಾಲನ್ನು ಹೊಡೆದುಹಾಕಿದರು. ಅಂಕ ಹೋದದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. ಮುಂದಿನ ಮಳೆಗಾಲದಲ್ಲಿ ಬುಡವನ್ನು ನೋಡಿಯೇ ಬರೋಣವೆಂದು ಅದೇ ತಿರುವಿಗೆ ಹೋದೆ. ದರೆ ಜರಿದಿತ್ತು. ಮಣ್ಣನ್ನೆಲ್ಲ ಜೆಸಿಬಿಯಿಂದ ಕೆರೆದು ಕೆಳಕ್ಕೆ ತಳ್ಳಿದ್ದರು. ಪಾಚಿಯೂ ಇರಲಿಲ್ಲ, ಗಿಡವೂ ಇರಲಿಲ್ಲ. ಆ ಹೂವು ಯಾವ ಜಾತಿಯದು ಎಂಬುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೂವಿನ ಬಣ್ಣದಿಂದ ಆರಂಭಿಸಬೇಡಿ. ಒಂದೇ ಗಿಡದ ಹೂವು ಬಿಸಿಲಲ್ಲಿ ಒಂದು ಛಾಯೆ, ನೆರಳಲ್ಲಿ ಇನ್ನೊಂದು ಛಾಯೆ. ಹಳತಾದಂತೆ ಬಿಳಚಿಕೊಳ್ಳುತ್ತದೆ. ಮೊಬೈಲ್ ಕ್ಯಾಮೆರಾ ನೇರಳೆಯನ್ನು ನೀಲಿ ಮಾಡಿ ತೋರಿಸುವುದಂತೂ ಇದ್ದದ್ದೇ. ಗ್ರಂಧಿಗೆ ಅಂಗಡಿಯಲ್ಲಿ ಕೆಮ್ಮಿನ ಕಷಾಯಕ್ಕೆ ಕೊಡುವ ಬನಫ್ಶಾ ನೋಡಿದ್ದೀರಾ? ಅದೂ ವಯೋಲಾ. ಒಡೊರೇಟಾ ಹೆಸರಿನಲ್ಲಿ ಬೇರೆ ಜಾತಿಗಳೂ ಅದರಲ್ಲಿ ಬಂದುಬಿಡುತ್ತವೆ. ಒಣಗಿದ ಹೂವಿನ ರಾಶಿ ಎದುರಿಗಿದ್ದರೂ ಬರಿಗಣ್ಣಿನಲ್ಲಿ ಬೇರ್ಪಡಿಸಲಾಗುವುದಿಲ್ಲ.

ಬುಡ ನೋಡಿ. ನಮ್ಮ ಪಶ್ಚಿಮ ಘಟ್ಟದ ಎತ್ತರದ ಜಾಗಗಳಲ್ಲಿ ನಿಮಗೆ ಸಿಗುವ ಸಾಧ್ಯತೆ ಇರುವವು ಬೆರಳೆಣಿಕೆಯಷ್ಟು. ಎಲೆ ಹೃದಯದ ಆಕಾರದಲ್ಲಿದ್ದು, ತುದಿ ಚೂಪಾಗಿ, ಮೈಮೇಲೆ ರೋಮವಿದ್ದು, ಬುಡದಿಂದ ಹಂಬುಗಳು ನೆಲದ ಮೇಲೆ ಹರಿದಿದ್ದರೆ ವಯೋಲಾ ಪೈಲೋಸಾ ಕಡೆಗೆ ಯೋಚಿಸಿ. ಎಲೆ ಉದ್ದವಾಗಿ, ಭರ್ಜಿಯ ಮೊನೆಯಂತೆ ಕಿರಿದಾಗಿ, ಎಲೆತೊಟ್ಟಿನ ಮೇಲ್ಭಾಗಕ್ಕೆ ಎರಡೂ ಕಡೆ ರೆಕ್ಕೆಯಂಥ ಅಂಚಿದ್ದು, ಹಂಬೇ ಇಲ್ಲದಿದ್ದರೆ ಅದು ಬೆಟೊನಿಸಿಫೋಲಿಯಾ. ನೆಲದಿಂದ ಮೇಲೆದ್ದ ಕಾಂಡದಲ್ಲೇ ಎಲೆಗಳು ಬಿಟ್ಟಿದ್ದರೆ ಹ್ಯಾಮಿಲ್ಟೋನಿಯಾನಾ ಇರಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲೆತೊಟ್ಟು ಗಿಡಕ್ಕೆ ಕೂಡುವ ಜಾಗದಲ್ಲಿ ಎರಡು ಪುಟ್ಟ ಪತ್ರಗಳಿರುತ್ತವೆ, ಸ್ಟಿಪ್ಯೂಲ್ ಎನ್ನುತ್ತಾರೆ. ಪೈಲೋಸಾದಲ್ಲಿ ಅವು ಬಿಡಿಯಾಗಿದ್ದು, ಅಂಚು ಸೀರೆಯ ಕುಚ್ಚಿನಂತೆ ಎಳೆ ಎಳೆಯಾಗಿ ಸೀಳಿರುತ್ತದೆ. ಬೆಟೊನಿಸಿಫೋಲಿಯಾದಲ್ಲಿ ಬಹುಪಾಲು ತೊಟ್ಟಿಗೇ ಅಂಟಿಕೊಂಡಿರುತ್ತವೆ. ಅಕ್ಕಿಕಾಳಿನಷ್ಟೇ ಇರುವ ಆ ಪತ್ರವನ್ನು ಅಂದು ನೋಡಿದ್ದರೆ ನನ್ನ ಸಾಲು ಉಳಿಯುತ್ತಿತ್ತು.

ಗಿಡವನ್ನು ಕೀಳಬೇಡಿ, ಅದು ಅಗತ್ಯವೂ ಇಲ್ಲ. ಮೀಸಲು ಕಾಡಾಗಿದ್ದರೆ ಅನುಮತಿಯಿಲ್ಲದೆ ಕೀಳುವಂತೆಯೂ ಇಲ್ಲ. ಪಾಚಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಬುಡದ ಚಿತ್ರ ತೆಗೆಯಿರಿ, ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಡಿ. ಎಲೆಯ ಮೇಲ್ಭಾಗ, ಕೆಳಭಾಗ ಎರಡೂ ಬೇಕು. ಹೂವಿನ ಚಿತ್ರವನ್ನು ಪಕ್ಕದಿಂದ ತೆಗೆಯಿರಿ, ಚೀಲ ಗಿಡ್ಡವೋ ಉದ್ದವೋ ಗೊತ್ತಾಗಬೇಕು. ಪಕ್ಕದ ಎರಡು ದಳಗಳ ಒಳಗೆ ರೋಮಗಳಿವೆಯೇ ಎಂಬುದೂ ಕಾಣಬೇಕು. ಮೊಬೈಲಿನ ಗಿಡ ಗುರುತಿಸುವ ಆ್ಯಪ್ ಏನಾದರೂ ಹೆಸರು ಹೇಳಿದರೆ ಕುಲದ ಮಟ್ಟಿಗೆ ನಂಬಿ, ಅದರಾಚೆಗೆ ಬೇಡ.

ಹೂವು ಉದುರಿಹೋಗಿದೆ ಎಂದು ಸುಮ್ಮನಾಗಬೇಡಿ. ಬಹಳಷ್ಟು ವಯೋಲಾಗಳು ಚೆಂದದ ಹೂವು ಮುಗಿದ ಮೇಲೆ ಎಲೆಗಳ ಅಡಿಯಲ್ಲಿ ದಳವೇ ಅರಳದ ಮುಚ್ಚಿದ ಮೊಗ್ಗುಗಳನ್ನು ಬಿಡುತ್ತವೆ. ಅವು ತಮ್ಮೊಳಗೇ ಪರಾಗಸ್ಪರ್ಶ ಮಾಡಿಕೊಂಡು ಕಾಯಿ ಕಟ್ಟುತ್ತವೆ. ಕಾಯಿ ಬಲಿತಾಗ ಮೂರು ದೋಣಿಗಳಂತೆ ಬಿರಿಯುತ್ತದೆ. ಹಾಗಾಗಿ ಹೂವಿಲ್ಲದ ತಿಂಗಳಲ್ಲೂ ಎಲೆ, ಸ್ಟಿಪ್ಯೂಲ್, ಕಾಯಿ ಇದ್ದೇ ಇರುತ್ತವೆ.

ನಿಮ್ಮ ಮೂರನೆಯ ಚಿತ್ರದ ಎಡ ಮೂಲೆಯಲ್ಲಿ ಹಸಿರು ದಾರದಂಥದ್ದೊಂದು ಹರಿದುಹೋಗಿದೆ. ಅದು ಈ ಗಿಡದ ಹಂಬೋ ಅಥವಾ ಪಕ್ಕದ ಹುಲ್ಲಿನ ಎಳೆಯೋ ಎಂಬುದು ಚಿತ್ರದಿಂದ ತಿಳಿಯುತ್ತಿಲ್ಲ. ಈ ಭಾನುವಾರವೇ ಹೋಗಿ ಅದರ ಬುಡ ಹಿಡಿದು ನೋಡಿ ಬನ್ನಿ. ಮಡಿಕೇರಿಯ ದರೆಗಳು ಮುಂದಿನ ಮಳೆಯವರೆಗೆ ಕಾಯುವುದಿಲ್ಲ.