ಐದನೇ ತರಗತಿ ಹುಡುಗನ ಕೈಗೆ ‘2ನೇ ತರಗತಿ ಮಟ್ಟ’ದ ಚೀಟಿ

(ಹೆತ್ತವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.)

ಕಿರಣನಿಗೆ ಹತ್ತು ವರ್ಷ, ಐದನೇ ತರಗತಿ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಅನ್ನುತ್ತಾನೆ, ಪುಸ್ತಕ ಕಂಡರೆ ಸಿಡುಕುತ್ತಾನೆ, ತಂಗಿಯ ಜೊತೆ ಮಾತು ಬಿಟ್ಟಿದ್ದಾನೆ ಎಂದು ತಂದೆ ತಾಯಿ ಸಲಹೆ ಕೇಳಲು ನನ್ನ ಬಳಿ ಕರೆದುಕೊಂಡು ಬಂದಿದ್ದರು. ಹೊಟ್ಟೆಗೆ ಏನೂ ತೊಂದರೆ ಇಲ್ಲವೆಂದು ವೈದ್ಯರು ಆಗಲೇ ಹೇಳಿದ್ದರು. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ತಾಯಿ ಬ್ಯಾಗಿನಿಂದ ಒಂದು ಚೀಟಿ ತೆಗೆದುಕೊಟ್ಟರು. ಶಾಲೆಯಲ್ಲಿ ಓದಿನ ಮಟ್ಟ ನೋಡಿ ಮನೆಗೆ ಕಳಿಸಿದ್ದು. ‘ಕನ್ನಡ ಓದು: 2ನೇ ತರಗತಿ ಮಟ್ಟ’ ಎಂದು ಬಿಟ್ಟರೆ ಬೇರೇನೂ ಅದರಲ್ಲಿ ಇರಲಿಲ್ಲ.

“ಮೂರು ವರ್ಷ ಹಿಂದೆ ಉಳಿದಿದ್ದಾನೆ ಮೇಡಂ. ನಮಗೆ ಗೊತ್ತೇ ಆಗಲಿಲ್ಲ,” ಎಂದರು ತಂದೆ.

ಅವರು ಕೈಕಟ್ಟಿ ಕೂತಿರಲಿಲ್ಲ. ಸಂಜೆಯ ಆಟ ನಿಲ್ಲಿಸಿದ್ದರು. ಎರಡನೇ ತರಗತಿಯಲ್ಲಿರುವ ತಂಗಿಯ ಪಠ್ಯಪುಸ್ತಕವನ್ನು ಅವನಿಂದ ದಿನಾ ಗಟ್ಟಿಯಾಗಿ ಓದಿಸುತ್ತಿದ್ದರು, ಅದೂ ತಂಗಿಯ ಎದುರಿಗೇ. ನಿಮಿಷಕ್ಕೆ 120 ಪದ ಓದಬೇಕೆಂದು ಫೋನಿನಲ್ಲಿ ಎಲ್ಲೋ ನೋಡಿ, ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಪ್ರೀತಿ ಇಲ್ಲದೆ ಮಾಡಿದ್ದಲ್ಲ ಇದು. ಮಗ ಹಿಂದೆ ಬೀಳುತ್ತಾನೆಂಬ ಭಯ ಅವರ ಮುಖದಲ್ಲೇ ಕಾಣುತ್ತಿತ್ತು.

ಕಿರಣನ ಜೊತೆ ಒಬ್ಬನೇ ಇದ್ದಾಗ ಮಾತಾಡಿದೆ. ಪರೀಕ್ಷೆಯ ದಿನ ಏನಾಯ್ತು ಎಂದು ಕೇಳಿದಾಗ ಅವನು ಹೇಳಿದ ಮಾತು ಇದು: “ಟೀಚರ್ ಕೊಟ್ಟಿದ್ದೆಲ್ಲಾ ಓದಿದೆ. ಕತೇನೂ ಓದಿದೆ. ಗುಡ್ ಅಂದ್ರು. ಮನೆಗೆ ಬಂದ್ಮೇಲೆ ನಾನು ದಡ್ಡ ಅಂತ ಗೊತ್ತಾಯ್ತು.”

ನನಗೆ ಅನುಮಾನ ಬಂತು. ಹೆತ್ತವರ ಅನುಮತಿ ಪಡೆದು ಅವನ ಶಿಕ್ಷಕಿಗೆ ಫೋನ್ ಮಾಡಿದೆ. ಶಾಲೆಯಲ್ಲಿ ಬಳಸಿದ್ದು ‘ಅಸರ್’ ಮಾದರಿಯ ಪರೀಕ್ಷೆ. ಅಸರ್ ಅಂದರೆ, ಶಿಕ್ಷಣ ಕ್ಷೇತ್ರದಲ್ಲಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯ ನೆರವಿನಲ್ಲಿ 2005ರಲ್ಲಿ ಶುರುವಾದ, ಮಕ್ಕಳ ಕಲಿಕೆಯ ಸಮೀಕ್ಷೆ. ಮನೆಮನೆಗೆ ಹೋಗಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಓದಿಸಿ ನೋಡುವುದಕ್ಕೆ ಮಾಡಿದ್ದು. ಅದರ ಓದಿನ ಹಾಳೆಯಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕತೆ ಇರುತ್ತವೆ. ಅಲ್ಲಿಗೆ ಮುಗಿಯಿತು. ಮಗು ಮೂರನೇ ತರಗತಿಯದಾಗಲಿ ಎಂಟನೇ ತರಗತಿಯದಾಗಲಿ, ಕೊಡುವುದು ಇದೇ ಹಾಳೆ. ಕತೆಯನ್ನು ಸರಾಗವಾಗಿ ಓದಿದ ಮಗುವಿನ ಮುಂದೆ ‘2ನೇ ತರಗತಿ ಮಟ್ಟ’ ಎಂದು ಬರೆಯುತ್ತಾರೆ, ಅದರಿಂದ ಮೇಲಿನ ಹಂತವೇ ಆ ಹಾಳೆಯಲ್ಲಿಲ್ಲ.

ಅಂದರೆ ಕಿರಣ ಇಡೀ ಪರೀಕ್ಷೆ ಪಾಸಾಗಿದ್ದ!

ಹದಿನೈದು ಸೆಂಟಿಮೀಟರಿನ ಸ್ಕೇಲಿನಿಂದ ಬಾಗಿಲು ಅಳೆಯಲು ಹೋಗಿ, ಸ್ಕೇಲು ಮುಗಿದ ಜಾಗದಲ್ಲೇ ಬಾಗಿಲೂ ಮುಗಿಯಿತು ಎಂದ ಹಾಗಾಯಿತು ಇದು. ಇದನ್ನು ವಿವರಿಸಿದಾಗ ತಂದೆ ತುಂಬಾ ಹೊತ್ತು ಸುಮ್ಮನಿದ್ದರು. ತಾಯಿ, “ಹಾಗಂತ ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತಲ್ವಾ?” ಎಂದರು. ಖಂಡಿತ ಸಾಕಿತ್ತು. ಮಟ್ಟದ ಹೆಸರನ್ನಷ್ಟೇ ಬರೆದು ಮನೆಗೆ ಕಳಿಸುವುದು ತಪ್ಪು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಆದರೆ ಅಷ್ಟಕ್ಕೇ ಬಿಡುವ ಹಾಗಿರಲಿಲ್ಲ. ಕತೆ ಓದುತ್ತಾನೆ ಎಂಬುದು ಗೊತ್ತಾಯಿತು, ಐದನೇ ತರಗತಿಯ ಪಾಠ ಅವನಿಗೆ ದಕ್ಕುತ್ತಿದೆಯೇ ಎಂಬುದು ಗೊತ್ತಾಗಲಿಲ್ಲ. ಅವನು ಮೊದಲು ನೋಡಿರದ, ಅವನ ತರಗತಿಗೆ ಹೊಂದುವ 100 ಪದಗಳ ಒಂದು ಭಾಗ ಓದಿಸಿದೆ. ಇದಕ್ಕೆ ನ್ಯೂಜಿಲೆಂಡಿನ ಶಿಕ್ಷಣತಜ್ಞೆ ಮೇರಿ ಕ್ಲೇ ರೂಪಿಸಿದ ‘ರನ್ನಿಂಗ್ ರೆಕಾರ್ಡ್’ ಕ್ರಮವಿದೆ. ಮಗು ಓದುತ್ತಾ ಹೋದಂತೆ ಪ್ರತಿ ಪದಕ್ಕೂ ಗುರುತು ಹಾಕುತ್ತೇವೆ. ತಾನೇ ತಿದ್ದಿಕೊಂಡ ಪದವನ್ನು ತಪ್ಪಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೂರಕ್ಕೆ 95 ಅಥವಾ ಜಾಸ್ತಿ ಸರಿಯಾದರೆ ಆ ಬರಹ ಮಗುವಿಗೆ ಸುಲಭ. 90ರಿಂದ 94 ಆದರೆ ಸ್ವಲ್ಪ ನೆರವಿನಿಂದ ಕಲಿಯಬಹುದಾದದ್ದು. ಅದಕ್ಕಿಂತ ಕಡಿಮೆಯಾದರೆ ಕಷ್ಟ. ಇವು ಇಂಗ್ಲಿಷ್ ಓದಿನ ಜೊತೆ ಬೆಳೆದ ಗಡಿಗಳು, ಕನ್ನಡಕ್ಕೆ ಒಂದು ಅಂದಾಜಷ್ಟೇ. ಕಿರಣನಿಗೆ 93 ಬಂತು. ತಪ್ಪೆಲ್ಲ ಒತ್ತಕ್ಷರಗಳ ಹತ್ತಿರವೇ. ಕನ್ನಡದ ಕಾಗುಣಿತ, ಒತ್ತಕ್ಷರ ಪೂರ್ತಿ ಕೈಗೆ ಹತ್ತಲು ಮಕ್ಕಳಿಗೆ ಹಲವು ವರ್ಷ ಹಿಡಿಯುತ್ತದೆಂದು, ಮಕ್ಕಳು ಓದು ಕಲಿಯುವ ಬಗೆಯನ್ನು ಸಂಶೋಧಿಸಿರುವ ಸೊನಾಲಿ ನಾಗ್ ಅವರ ಅಧ್ಯಯನಗಳು ತೋರಿಸಿವೆ. ಹಾಗಾಗಿ ಇದರಲ್ಲಿ ಗಾಬರಿಯ ಮಾತಿಲ್ಲ.

ನನಗೆ ಚಿಂತೆ ಆದದ್ದು ಬೇರೆ. ಅವನು ಉಸಿರು ಕಟ್ಟಿ ಓಡುತ್ತಿದ್ದ. ಪೂರ್ಣವಿರಾಮಕ್ಕೂ ನಿಲ್ಲುತ್ತಿರಲಿಲ್ಲ. ಓದಿ ಮುಗಿಸಿ ನನ್ನ ಕೈಗಡಿಯಾರ ನೋಡಿದ. ಯಾರು, ಎಲ್ಲಿ ಎಂದು ಕೇಳಿದ್ದಕ್ಕೆ ಉತ್ತರ ಬಂತು. ‘ಅಜ್ಜ ಯಾಕೆ ಹಾಗೆ ಮಾಡಿದ?’ ಎಂದಾಗ ತಲೆ ತಗ್ಗಿಸಿದ. ಅಷ್ಟೇ ಕಷ್ಟದ ಇನ್ನೊಂದು ಭಾಗವನ್ನು ನಾನೇ ಓದಿ ಹೇಳಿದೆ. ಆಗ ‘ಯಾಕೆ’ ಎಂಬ ಪ್ರಶ್ನೆಗೂ ಚೆನ್ನಾಗಿ ಉತ್ತರಿಸಿದ. ಮೂರನೆಯದನ್ನು ಸಮಯದ ಹಂಗಿಲ್ಲದೆ ಮನಸ್ಸಿನಲ್ಲೇ ಓದಲು ಬಿಟ್ಟೆ. ಆಗಲೂ ಉತ್ತರ ಬಂತು. ಅರ್ಥ ಮಾಡಿಕೊಳ್ಳುವ ಶಕ್ತಿ ಅವನಲ್ಲಿ ಇತ್ತು, ಓಟದ ಗಡಿಬಿಡಿ ಅದನ್ನು ಮುಚ್ಚಿಹಾಕಿತ್ತು.

ತಂದೆಗೆ ಮೊದಲು ಹೇಳಿದ್ದು ಸ್ಟಾಪ್‌ವಾಚ್ ಬಿಡಿ ಎಂದು. ನಿಮಿಷಕ್ಕೆ ಇಷ್ಟು ಪದ ಎನ್ನುವ ಅಂಥ ಪಟ್ಟಿಗಳು ಹೆಚ್ಚಾಗಿ ಇಂಗ್ಲಿಷ್ ಓದಿಗೆ ಮಾಡಿದವು. ‘ಬರುತ್ತಿದ್ದವರನ್ನೆಲ್ಲ’ ಎಂಬುದು ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಅದನ್ನೇ ಹೇಳಲು ಹಲವು ಪದ ಬೇಕು. ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಎರಡನೆಯದು ಅವರಿಗೆ ಕಷ್ಟವಾಯಿತು. ‘ನೀನು ಆ ಪರೀಕ್ಷೆ ಪೂರ್ತಿ ಪಾಸಾಗಿದ್ದೆ, ನಾನು ಚೀಟಿಯನ್ನು ಬೇರೆ ರೀತಿ ಅರ್ಥ ಮಾಡಿಕೊಂಡೆ’ ಎಂದು ಮಗನಿಗೆ ಅವರೇ ಹೇಳಬೇಕು, ತಂಗಿಯೂ ಅಲ್ಲಿರಬೇಕು ಎಂದೆ. ಅವಮಾನ ಅವಳ ಮುಂದೆ ಆಗಿತ್ತು, ಸರಿಯಾಗಬೇಕಾದದ್ದೂ ಅಲ್ಲೇ. ನಾನು ಹೇಳಿದರೆ ಅವನಿಗೆ ಅದು ಸಮಾಧಾನದ ಮಾತಷ್ಟೇ ಆಗುತ್ತಿತ್ತು.

ಸಂಜೆಯ ಆಟ ವಾಪಸ್ ಕೊಡಿ ಎಂದೆ. ರಾತ್ರಿ ಹದಿನೈದು ನಿಮಿಷ ಅವನೇ ಆರಿಸಿದ ಪುಸ್ತಕ. ಕೆಲವು ದಿನ ನೀವು ಓದಿ, ಅವನು ಕೇಳಲಿ. ತಡವರಿಸಿದರೆ ಸ್ವಲ್ಪ ಕಾಯಿರಿ, ಆಗಲೂ ಬಾರದಿದ್ದರೆ ಪದ ಹೇಳಿಕೊಟ್ಟು ಮುಂದೆ ಹೋಗಿ. ಕೊನೆಗೆ ಪ್ರಶ್ನೆಪತ್ರಿಕೆಯ ಥರ ಕೇಳಬೇಡಿ, ‘ನಿನಗೇನನ್ನಿಸಿತು?’ ಎಂದು ಮಾತಾಡಿ. ಶಿಕ್ಷಕಿಯ ಬಳಿ ‘ಯಾವ ಮಟ್ಟ?’ ಎಂದು ಕೇಳುವ ಬದಲು ‘ಏನು ಓದಿಸಿದಿರಿ, ಎಲ್ಲಿ ತಡವರಿಸಿದ, ಈಗ ಏನು ಕಲಿಸುತ್ತೀರಿ?’ ಎಂದು ಕೇಳಿ. ಶಿಕ್ಷಕಿ ಒತ್ತಕ್ಷರದ ಪದಗಳನ್ನು ಅವನಿಗೆ ಬೇರೆಯಾಗಿ ಅಭ್ಯಾಸ ಮಾಡಿಸಲು ಒಪ್ಪಿದರು.

ಮುಂದಿನ ಭೇಟಿಯ ಹೊತ್ತಿಗೆ ಹೊಟ್ಟೆನೋವು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಗಟ್ಟಿಯಾಗಿ ಓದು ಎಂದರೆ ಈಗಲೂ ಹಿಂಜರಿಯುತ್ತಾನೆ. ತಂಗಿಯ ಜೊತೆ ಮಾತಾಡುತ್ತಿದ್ದಾನೆ.

ಇದನ್ನು ಓದಿ ಯಾರೂ ಇಂಥ ಚೀಟಿಗಳನ್ನು ಸುಮ್ನೆ ಪಕ್ಕಕ್ಕಿಡಬೇಡಿ. ಇದೇ ಪರೀಕ್ಷೆಯಲ್ಲಿ ಮೂರನೇ, ನಾಲ್ಕನೇ ತರಗತಿಯ ಮಗು ಅಕ್ಷರ ಅಥವಾ ಪದದ ಹಂತದಲ್ಲೇ ನಿಂತಿದ್ದರೆ ಅದು ನಿಜವಾದ ಎಚ್ಚರಿಕೆ. ಆಗ ಕಣ್ಣು, ಕಿವಿ ತೋರಿಸಿ. ಆ ಹಂತದಿಂದಲೇ ಕಲಿಸಲು ಶಾಲೆಯನ್ನು ಕೇಳಿ. ಕೆಲವು ತಿಂಗಳು ಹಾಗೆ ಕಲಿಸಿದರೂ ಮುಂದೆ ಹೋಗದಿದ್ದರೆ ಕಲಿಕಾ ತೊಂದರೆಗಳನ್ನು ನೋಡುವ ತಜ್ಞರ ಬಳಿ ಹೋಗಿ. ದೊಡ್ಡವನಾದ ಮೇಲೆ ತಾನಾಗಿ ಸರಿಹೋಗುತ್ತದೆಂದು ಕಾಯಬೇಡಿ.