ಲಿಂಕನ್ ಮನೆಯಲ್ಲಿ ಜಗಳ ಆಗಬಾರದಿತ್ತೇ, ಮೇಷ್ಟ್ರೇ?

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಮಗೆ ಉದ್ದನೆಯ ಪತ್ರ ಬರೆದಿದ್ದಾರೆ. ಅಕ್ಷರ ದುಂಡಗಿದೆ, ಕೋಪ ಚೂಪಾಗಿದೆ. ಹಿಂದಿನ ಸಂಚಿಕೆಯಲ್ಲಿ ನಾವು ಅಮೆರಿಕದ ಟಿವಿಯಲ್ಲಿ ಬಂದ 1988ರ ‘ಲಿಂಕನ್’ ಧಾರಾವಾಹಿಯನ್ನು ಹೊಗಳಿದ್ದೆವು. ಅದನ್ನು ಓದಿ ಮೊಮ್ಮಗನ ಹತ್ತಿರ ಹುಡುಕಿಸಿ, ಎರಡು ಕಂತೂ ನೋಡಿದ್ದಾರೆ. ನೋಡಿ ಬೇಜಾರಾಗಿದ್ದಾರೆ. ಅವರ ಮಾತು ಇಷ್ಟು:

“ನಾನು ವರ್ಷಗಟ್ಟಲೆ ಮಕ್ಕಳಿಗೆ ಲಿಂಕನ್ ಪಾಠ ಮಾಡಿದವನು. ಇದರಲ್ಲಿ ಅವರು ಹೆಂಡತಿ ಮಾಡಿದ ಸಾಲದ ಬಗ್ಗೆ ಒದ್ದಾಡುತ್ತಾರೆ. ಮಂತ್ರಿಗಳನ್ನು ಆಟ ಆಡಿಸುತ್ತಾರೆ. ವಿಚಾರಣೆಯಿಲ್ಲದೆ ಜನರನ್ನು ಜೈಲಿಗೆ ಹಾಕಿಸುತ್ತಾರೆ. ಆ ತಾಯಿಯಂತೂ ಕೂಗಾಡುವುದೇ ಕೆಲಸ. ದೊಡ್ಡವರನ್ನು ಹೀಗೆ ಬೀದಿಗೆಳೆದರೆ ಮಕ್ಕಳು ಯಾರನ್ನು ನೋಡಿ ಕಲಿಯಬೇಕು? ಇದರ ಬದಲು ಶಿಕ್ಷಕರ ದಿನಾಚರಣೆಯ ಸಂಚಿಕೆಯಲ್ಲಿ ಲಿಂಕನ್ ತಮ್ಮ ಮಗನ ಗುರುಗಳಿಗೆ ಬರೆದ ಪತ್ರ ಹಾಕಿ. ಅಷ್ಟಕ್ಕೂ ಎಲ್ಲಿಯದೋ ಅಮೆರಿಕದ ಯುದ್ಧಕ್ಕೂ ನಮಗೂ ಏನು ಸಂಬಂಧ?”

ಮೇಷ್ಟ್ರೇ, ನಮಸ್ಕಾರ. ಧಾರಾವಾಹಿಯನ್ನು ಪೂರ್ತಿ ನೋಡಿ ಆಮೇಲೆ ಬೈದಿದ್ದೀರಲ್ಲ, ಅದಕ್ಕೇ ನಿಮಗೊಂದು ದೊಡ್ಡ ನಮಸ್ಕಾರ. ನೋಡದೆ ಬೈಯುವವರ ಪತ್ರಗಳೇ ನಮಗೆ ಜಾಸ್ತಿ.

ನಿಮ್ಮ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಧಾರಾವಾಹಿಗೆ ಆಧಾರ ಗೋರ್ ವಿಡಾಲ್ ಅವರ 1984ರ ಕಾದಂಬರಿ. ಅದು ಬಂದಾಗ ಅಲ್ಲಿನ ಇತಿಹಾಸಕಾರರೂ ಸಿಟ್ಟಾದರು, ತಪ್ಪು ಹುಡುಕಿ ಬರೆದರು. ವಿಡಾಲ್ ಸುಮ್ಮನಿರುವ ಆಸಾಮಿಯಲ್ಲ, ಅವರೂ ತಿರುಗಿ ಜಾಡಿಸಿದರು. ಕಾದಂಬರಿಕಾರ ಸ್ವಲ್ಪ ಉಪ್ಪು ಖಾರ ಹಾಕುತ್ತಾನೆ, ಒಪ್ಪೋಣ. ಆದರೆ ನೀವು ಪಟ್ಟಿ ಮಾಡಿದ ದೂರುಗಳಿವೆಯಲ್ಲ, ಅವು ಯಾವುವೂ ವಿಡಾಲ್ ಕಟ್ಟಿದ ಕಥೆಗಳಲ್ಲ.

ಸಾಲದ ವಿಷಯವನ್ನೇ ತಗೊಳ್ಳಿ. ಶ್ವೇತಭವನ ಹಾಳುಬಿದ್ದಂತಿತ್ತು. ದುರಸ್ತಿ ಮಾಡಿಸಲು ಸಂಸತ್ತು 20,000 ಡಾಲರ್ ಕೊಟ್ಟಿತ್ತು. ಅಧ್ಯಕ್ಷರ ಇಡೀ ವರ್ಷದ ಸಂಬಳವೇ 25,000. ಮೇರಿ ಲಿಂಕನ್ ನ್ಯೂಯಾರ್ಕ್, ಫಿಲಡೆಲ್ಫಿಯಾ ಸುತ್ತಿ ಪರದೆ, ಕಾರ್ಪೆಟ್, ಪಿಂಗಾಣಿ ಅಂತ ಕೊಂಡು ಆ ದುಡ್ಡನ್ನೂ ಮೀರಿಸಿದರು. ಹೆಚ್ಚಿನ ಹಣಕ್ಕೆ ಒಪ್ಪಿಗೆ ಕೊಡಿ ಅಂತ ಅಧಿಕಾರಿ ಬಂದಾಗ ಲಿಂಕನ್ ಕೆಂಡಾಮಂಡಲವಾದರು. ಗಡಿಯಲ್ಲಿ ಸೈನಿಕರಿಗೆ ಹೊದೆಯಲು ಕಂಬಳಿ ಇಲ್ಲ, ಈ ಹಾಳು ಮನೆಯ ಶೋಕಿಗೆ ಜನರ ದುಡ್ಡೇ ಅಂದರು. ನಾನು ಮೇಷ್ಟ್ರಾಗಿದ್ದರೆ ಮಕ್ಕಳಿಗೆ ಮೊದಲು ಹೇಳುವುದೇ ಈ ಕಥೆ. ಸಾರ್ವಜನಿಕ ಹಣ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾವ ಪಾಠ ಹೇಳುತ್ತದೆ?

ಇನ್ನು ‘ಕೂಗಾಡುವ ತಾಯಿ’. ಇಲ್ಲಿ ನಿಮ್ಮ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. 1850ರಲ್ಲಿ ನಾಲ್ಕು ವರ್ಷವೂ ತುಂಬದ ಎಡ್ಡಿ ತೀರಿಕೊಂಡ. 1862ರ ಫೆಬ್ರುವರಿಯಲ್ಲಿ ಹನ್ನೊಂದು ವರ್ಷದ ವಿಲ್ಲಿ, ಅದೇ ಶ್ವೇತಭವನದಲ್ಲಿ, ಜ್ವರದಲ್ಲಿ ಹೋದ. ಟೈಫಾಯ್ಡ್ ಇರಬೇಕು ಅನ್ನುತ್ತಾರೆ. ಮೇರಿ ಹಾಸಿಗೆ ಹಿಡಿದರು. ಲಿಂಕನ್‌ಗೆ ಆ ಐಷಾರಾಮವೂ ಇರಲಿಲ್ಲ. ಗುಲಾಮಗಿರಿ ಬಿಡಲೊಲ್ಲದೆ ಬಂಡೆದ್ದ ದಕ್ಷಿಣದ ರಾಜ್ಯಗಳ ಜೊತೆ ಅಂತರ್ಯುದ್ಧ ನಡೆಯುತ್ತಿತ್ತು, ಟೆಲಿಗ್ರಾಂಗಳು ಬರುತ್ತಲೇ ಇದ್ದವು. ಧಾರಾವಾಹಿಯಲ್ಲಿ ಮೇರಿ ಟೈಲರ್ ಮೂರ್ ಈ ಪಾತ್ರ ಮಾಡಿದ್ದಾರೆ. ಅಮೆರಿಕದವರಿಗೆ ಅವರು ಹಾಸ್ಯ ನಟಿ, ಮನೆಮನೆಯ ಪರಿಚಿತ ನಗುಮುಖ. ಆ ಮುಖವನ್ನೇ ನಿರ್ದೇಶಕ ಲಾಮಾಂಟ್ ಜಾನ್ಸನ್ ಈ ದುಃಖಕ್ಕೆ ಆರಿಸಿಕೊಂಡರು. ಅವರಿಗೆ ನಿರ್ದೇಶನಕ್ಕೆ ಎಮ್ಮಿ ಪ್ರಶಸ್ತಿ ಬಂತು. ನೀವು ‘ಕೂಗಾಟ’ ಅಂದದ್ದು ನನಗೆ ಗೋಳಾಟದ ಹಾಗೆ ಕೇಳಿಸಿತು. ಗಂಡ ಸತ್ತು ಹತ್ತು ವರ್ಷಕ್ಕೆ, 1875ರಲ್ಲಿ, ಸ್ವಂತ ಮಗ ರಾಬರ್ಟನೇ ಕೋರ್ಟಿಗೆ ಹೋಗಿ ಈಕೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ. ಕೆಲವೇ ತಿಂಗಳಲ್ಲಿ ಹೊರಗೆ ಬಂದರು. ಮರುವರ್ಷ ಕೋರ್ಟೇ ‘ಬುದ್ಧಿ ಸರಿಯಿದೆ’ ಅಂತ ಬರೆದುಕೊಟ್ಟಿತು. ನಮ್ಮ ಪಾಠಪುಸ್ತಕಗಳಲ್ಲಿ ಈ ಹೆಂಗಸಿಗೆ ಅರ್ಧ ಸಾಲೂ ಇಲ್ಲ.

ಧಾರಾವಾಹಿ ಬಿಟ್ಟು ಮೇರಿಯ ಮಲತಂಗಿ ಎಮಿಲಿಯ ದಿನಚರಿಯ ಮಾತು ಹೇಳುತ್ತೇನೆ. ಮೇರಿ ದಕ್ಷಿಣದ ಕೆಂಟಕಿಯವರು, ಗುಲಾಮರಿದ್ದ ಮನೆತನದವರು. ಮಲತಮ್ಮಂದಿರು ಶತ್ರು ಸೈನ್ಯದಲ್ಲಿ ಹೋರಾಡಿದರು. ಮಲತಂಗಿ ಎಮಿಲಿಯ ಗಂಡ ಬೆನ್ ಹೆಲ್ಮ್ ಅಲ್ಲಿ ಜನರಲ್. ಯುದ್ಧ ಶುರುವಾದ ಹೊಸದರಲ್ಲಿ ಲಿಂಕನ್ ಅವನಿಗೆ ತಮ್ಮ ಕಡೆ ಒಳ್ಳೆಯ ಹುದ್ದೆ ಕೊಡುತ್ತೇನೆ ಅಂದಿದ್ದರು, ಅವನು ಒಲ್ಲೆ ಅಂದ. 1863ರ ಸೆಪ್ಟೆಂಬರಿನಲ್ಲಿ ಚಿಕಮಾಗಾ ಕಾಳಗದಲ್ಲಿ ಸತ್ತ. ಆ ವರ್ಷದ ಕೊನೆಗೆ ವಿಧವೆ ಎಮಿಲಿ ಸಣ್ಣ ಮಗಳನ್ನು ಕರೆದುಕೊಂಡು ಬಂದಳು. ಗಡಿಯಲ್ಲಿ ನಿಷ್ಠೆಯ ಪ್ರಮಾಣ ಮಾಡು ಅಂದರೆ ಮಾಡಲಿಲ್ಲ. ಲಿಂಕನ್ ‘ನನ್ನ ಹತ್ತಿರ ಕಳಿಸಿ’ ಅಂತ ತಂತಿ ಕಳಿಸಿ ಶ್ವೇತಭವನದಲ್ಲೇ ಇರಿಸಿಕೊಂಡರು.

ಒಂದು ಸಂಜೆ ಬೆಂಕಿಗೂಡಿನ ಮುಂದೆ ಲಿಂಕನ್ನರ ಮಗ ಟ್ಯಾಡ್ ಆ ಹುಡುಗಿಗೆ ಅಪ್ಪನ ಫೋಟೊ ತೋರಿಸಿ ‘ಇವರೇ ಅಧ್ಯಕ್ಷರು’ ಅಂದ. ಅವಳು ‘ಅಲ್ಲ, ಡೇವಿಸ್ ಅಧ್ಯಕ್ಷರು’ ಅಂದಳು. ಡೇವಿಸ್ ಅಂದರೆ ಬಂಡೆದ್ದ ದಕ್ಷಿಣದವರ ಅಧ್ಯಕ್ಷ. ಶುರುವಾಯಿತು ಜಗಳ. ಲಿಂಕನ್ ಇಬ್ಬರನ್ನೂ ಒಂದೊಂದು ತೊಡೆಯ ಮೇಲೆ ಕೂರಿಸಿಕೊಂಡು, ‘ಟ್ಯಾಡ್, ನಿನ್ನ ಅಧ್ಯಕ್ಷ ಯಾರು ಅಂತ ನಿನಗೆ ಗೊತ್ತಲ್ಲ, ಇವಳಿಗೆ ನಾನು ಲಿಂಕನ್ ಮಾವ’ ಅಂದರಂತೆ. ಗೆಟಿಸ್‌ಬರ್ಗ್ ಕಾಳಗದಲ್ಲಿ ಕಾಲು ಕಳೆದುಕೊಂಡ ಜನರಲ್ ಸಿಕಲ್ಸ್ ಬಂದು, ಬಂಡುಕೋರಳನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ದಬಾಯಿಸಿದ. ನಮ್ಮ ಮನೆಗೆ ಯಾರು ಬರಬೇಕು ಅನ್ನುವುದನ್ನು ನಾನೂ ನನ್ನ ಹೆಂಡತಿಯೂ ತೀರ್ಮಾನ ಮಾಡುತ್ತೇವೆ, ನಿಮ್ಮ ಸಲಹೆ ಬೇಕಿಲ್ಲ ಅಂದರು ಲಿಂಕನ್. ಇಂಥ ಮನೆಯಲ್ಲಿ ಜಗಳ ಆಗದೆ ಇರುತ್ತದೆಯೇ? ಆ ದೇಶದ ಯುದ್ಧವೇ ಅವರ ನಡುಮನೆಯಲ್ಲಿ ಕೂತಿತ್ತು.

ರಾಜಕೀಯ ಆಟದ ವಿಷಯ ಬೇಗ ಮುಗಿಸುತ್ತೇನೆ. ಆಡಿದರು, ನಿಜ. ಗುಲಾಮರ ವಿಮೋಚನೆಯ ಘೋಷಣೆ 1862ರ ಜುಲೈನಲ್ಲೇ ಜೇಬಿನಲ್ಲಿತ್ತು. ಸೋಲಿನ ಮೇಲೆ ಹೊರಡಿಸಿದರೆ ಗತಿಗೆಟ್ಟವರ ಕೂಗಿನಂತೆ ಕಾಣುತ್ತದೆ, ಗೆಲುವಿಗೆ ಕಾಯಿರಿ ಅಂತ ವಿದೇಶಾಂಗ ಮಂತ್ರಿ ಸೆವಾರ್ಡ್ ಹೇಳಿದರು. ಕಾದರು. ಸೆಪ್ಟೆಂಬರ್ 17ಕ್ಕೆ ಆಂಟೀಟಮ್ ಕಾಳಗದಲ್ಲಿ ಗೆಲುವು ಅನ್ನಬಹುದಾದದ್ದು ಸಿಕ್ಕಿತು, 22ಕ್ಕೆ ಘೋಷಣೆ. ಮೆಕ್ಲೆಲನ್ ಅನ್ನುವ ಸೇನಾಪತಿಯ ಮನೆಗೆ ಹೋಗಿ ಕಾದು ಕೂತರೆ, ಆ ಮನುಷ್ಯ ಹೊರಗಿನಿಂದ ಬಂದವನೇ ಸೀದಾ ಮಹಡಿ ಹತ್ತಿ ಮಲಗಿಬಿಟ್ಟ. ಜೊತೆಗಿದ್ದ ಕಾರ್ಯದರ್ಶಿ ಕುದಿಯುತ್ತಿದ್ದರೆ, ಮಾನ ಮರ್ಯಾದೆ ನೋಡುವ ಕಾಲ ಇದಲ್ಲ ಅಂದರು ಲಿಂಕನ್. ಖಜಾನೆ ಮಂತ್ರಿ ಚೇಸ್ ತಾನೇ ಅಧ್ಯಕ್ಷನಾಗಲು ಮಸಲತ್ತು ಮಾಡಿದ. ಅವನನ್ನು 1864ರ ಜೂನ್‌ನಲ್ಲಿ ಮನೆಗೆ ಕಳಿಸಿ, ಡಿಸೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಮಾಡಿದರು. ಆ ಆಗಸ್ಟ್‌ನಲ್ಲಿ ಒಂದು ಕಾಗದ ಮಡಚಿ, ಒಳಗೇನಿದೆ ಅಂತ ತೋರಿಸದೆ, ಮಂತ್ರಿಗಳ ಕೈಲಿ ಬೆನ್ನಿಗೆ ಸಹಿ ಹಾಕಿಸಿದರು. ಒಳಗೆ ಇದ್ದದ್ದು: ನಾವು ಈ ಚುನಾವಣೆ ಸೋಲುವುದು ಬಹುಪಾಲು ಖಂಡಿತ, ಗೆದ್ದವನು ಅಧಿಕಾರ ಹಿಡಿಯುವ ಮೊದಲೇ ಅವನ ಜೊತೆ ಸೇರಿ ದೇಶ ಉಳಿಸಬೇಕು. ಇದನ್ನು ಕುತಂತ್ರ ಅನ್ನುವುದಾದರೆ ನಮ್ಮ ರಾಜಕಾರಣಿಗಳಿಗೆ ಇಂಥದ್ದೇ ಸ್ವಲ್ಪ ಬರಲಿ.

ಜೈಲಿಗೆ ಹಾಕಿಸಿದ್ದನ್ನು ನಾನು ಸಮರ್ಥಿಸುವುದಿಲ್ಲ. ಸಂಪಾದಕನಾಗಿ ಹೇಗೆ ಸಮರ್ಥಿಸಲಿ? ಆದರೆ ಅದರಲ್ಲೊಂದು ಘಟನೆ ನಿಮ್ಮ ಪತ್ರಕ್ಕೆ ನೇರ ಸಂಬಂಧಪಟ್ಟದ್ದು. 1864ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಎರಡು ಪತ್ರಿಕೆಗಳಲ್ಲಿ ಅಧ್ಯಕ್ಷರ ಘೋಷಣೆಯೊಂದು ಬಂತು: ಇನ್ನೂ 4 ಲಕ್ಷ ಜನ ಸೈನ್ಯಕ್ಕೆ ಬೇಕು. ಅದು ಸುಳ್ಳು. ಚಿನ್ನದ ಬೆಲೆ ಏರಿಸಿ ಲಾಭ ಹೊಡೆಯಲು ಜೋಸೆಫ್ ಹೋವರ್ಡ್ ಅನ್ನುವ ಪತ್ರಕರ್ತ ಲಿಂಕನ್ ಹೆಸರಲ್ಲಿ ಬರೆದು ಹಂಚಿದ್ದ. ಲಿಂಕನ್ ಎರಡೂ ಪತ್ರಿಕೆಗಳಿಗೆ ಬೀಗ ಹಾಕಿಸಿದರು. ಪಾಪ, ಅವರು ಮೋಸ ಹೋದವರು. ಕೆಲವೇ ದಿನಕ್ಕೆ ಬೀಗ ತೆಗೆಸಿದರು.

ಈಗ ನಿಮ್ಮ ‘ಗುರುಗಳಿಗೆ ಬರೆದ ಪತ್ರ’. ಮೇಷ್ಟ್ರೇ, ಅದನ್ನು ಲಿಂಕನ್ ಬರೆದರು ಅನ್ನುವುದಕ್ಕೆ ಒಂದೇ ಒಂದು ಪುರಾವೆ ಇಲ್ಲ. ಅವರ ಬರಹಗಳ ಸಮಗ್ರ ಸಂಪುಟಗಳಲ್ಲಿ ಅದು ಇಲ್ಲ. ಆದರೂ ಪ್ರತಿ ಸೆಪ್ಟೆಂಬರ್ 5ಕ್ಕೆ ನಮ್ಮ ಶಾಲೆಗಳ ಗೋಡೆಯ ಮೇಲೆ, ಸ್ಮರಣ ಸಂಚಿಕೆಗಳಲ್ಲಿ, ಈಗ ವಾಟ್ಸಾಪ್‌ನಲ್ಲಿ ತಪ್ಪದೆ ಹಾಜರ್. ಲಿಂಕನ್ ಇವತ್ತು ಇದ್ದಿದ್ದರೆ ಕನ್ನಡ ಪತ್ರಿಕೆಗಳಲ್ಲಿ ಎಷ್ಟಕ್ಕೆ ಬೀಗ ಬೀಳುತ್ತಿತ್ತೋ! ನಿಜವಾದ ಲಿಂಕನ್ ತಂದೆಯಾಗಿ ಹೇಗಿದ್ದರು ಗೊತ್ತಾ? ಟ್ಯಾಡ್‌ಗೆ ಮನೆಪಾಠ ಇಟ್ಟಿದ್ದರು, ಅವನು ಕೂರುತ್ತಿರಲಿಲ್ಲ. ಓಡಾಡಿಕೊಂಡಿರಲಿ ಬಿಡಿ, ಕಲಿಯಲು ಟೈಮಿದೆ ಅನ್ನುತ್ತಿದ್ದರು ಅಪ್ಪ. ಅಪ್ಪ ಸತ್ತಾಗ ಹುಡುಗನಿಗೆ ಹನ್ನೆರಡು, ಓದು ಇನ್ನೂ ಸರಿಯಾಗಿ ಹತ್ತಿರಲಿಲ್ಲ. ನಿಮ್ಮ ಶಾಲೆಗೆ ಬಂದಿದ್ದರೆ ನೀವೇ ಅಪ್ಪನನ್ನು ಕರೆಸಿ ಬುದ್ಧಿ ಹೇಳುತ್ತಿದ್ದಿರಿ, ಅಲ್ವಾ?

ಅಸಲಿ ಪತ್ರ ಬೇಕಿದ್ದರೆ ಇದೆ. 1862ರ ಡಿಸೆಂಬರ್ 23ರಂದು, ಯುದ್ಧದಲ್ಲಿ ಸತ್ತ ಹಳೆಯ ಗೆಳೆಯನ ಮಗಳು ಫ್ಯಾನಿ ಮೆಕಲ್ಲಗ್‌ಗೆ ಲಿಂಕನ್ ಬರೆದದ್ದು. ದುಃಖ ಎಲ್ಲರಿಗೂ ಬರುತ್ತದೆ, ಆದರೆ ಚಿಕ್ಕವರಿಗೆ ಅದು ಹೇಳದೆ ಕೇಳದೆ ಬರುವುದರಿಂದ ನೋವು ಹೆಚ್ಚು ಅಂತ ಬರೆಯುತ್ತಾರೆ. ಈಗ ನಂಬಲಿಕ್ಕಾಗದಿದ್ದರೂ ಮತ್ತೆ ನಗುವ ದಿನ ಬರುತ್ತದೆ, ನನಗೆ ಅನುಭವ ಇದೆ ಅನ್ನುತ್ತಾರೆ. ವಿಲ್ಲಿ ಹೋಗಿ ಆಗ ಹತ್ತು ತಿಂಗಳು. ಆ ಮನೆಯೊಳಗಿನ ಗೋಳನ್ನು ತೋರಿಸದೆ ಈ ಪತ್ರವನ್ನು ಮಕ್ಕಳಿಗೆ ಹೇಗೆ ಅರ್ಥ ಮಾಡಿಸುತ್ತೀರಿ?

ನನ್ನ ತಕರಾರು ಬರೀ ಲಿಂಕನ್ ಬಗ್ಗೆ ಅಲ್ಲ. ಕನ್ನಡದಲ್ಲಿ ನಾವು ದೊಡ್ಡವರ ಜೀವನಚರಿತ್ರೆ ಬರೆಯುವುದೆಲ್ಲ ಮಂಗಳಾರತಿಯ ಧಾಟಿಯಲ್ಲೇ. ನಮಗೆ ಬರುವ ಜನ್ಮಶತಮಾನೋತ್ಸವದ ಲೇಖನಗಳಲ್ಲಿ ಹೆಸರು ಅಳಿಸಿದರೆ ಯಾರ ಬಗ್ಗೆ ಅಂತ ಗೊತ್ತಾಗುವುದಿಲ್ಲ. ಎಲ್ಲರೂ ಸರಳರು, ಎಲ್ಲರೂ ಸಜ್ಜನರು, ಎಲ್ಲರೂ ಬೆಳಗ್ಗೆ ನಾಲ್ಕಕ್ಕೆ ಏಳುವವರು. ಒಮ್ಮೆ ಒಬ್ಬ ಹಿರಿಯರ ಬಗ್ಗೆ ‘ಇಸ್ಪೀಟು ಅಂದರೆ ಪ್ರಾಣ’ ಅಂತ ಅವರ ಗೆಳೆಯರೇ ಬರೆದದ್ದನ್ನು ಅಚ್ಚು ಹಾಕಿದ್ದಕ್ಕೆ, ಮನೆಯವರು ಮೂರು ಜನ ಕಚೇರಿಗೆ ಬಂದು ಕೂತಿದ್ದರು. ಸುಮ್ನೆ ಅಲ್ಲ, ವಕೀಲರ ಜೊತೆ! ಅಮೆರಿಕದಲ್ಲಿ ‘ಲಿಂಕನ್’ ಪ್ರಸಾರವಾದ ಆ 1988ರ ಮಾರ್ಚ್ ಹೊತ್ತಿಗೆ ನಮ್ಮಲ್ಲಿ ಭಾನುವಾರ ಬೆಳಗ್ಗೆ ರಾಮಾಯಣಕ್ಕೆ ಟಿವಿಗೇ ಹಾರ ಹಾಕುತ್ತಿದ್ದರು. ರಾಮನಿಗೆ ಹಾಕಲಿ, ತೊಂದರೆಯಿಲ್ಲ. ಆಮೇಲೆ ಎಲ್ಲ ನಾಯಕರಿಗೂ ಅದೇ ಹಾರ ಅಭ್ಯಾಸವಾಗಿಬಿಟ್ಟಿತು. ಅಲ್ಲಿ ನೋಡಿ: ಧಾರಾವಾಹಿಯ ಚಿತ್ರೀಕರಣ ನಡೆದದ್ದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಲಿಂಕನ್ ವಿರುದ್ಧ ಬಂಡೆದ್ದವರ ರಾಜಧಾನಿಯೇ ಅದು. ಸ್ಯಾಮ್ ವಾಟರ್‌ಸ್ಟನ್ ಉದ್ದ ಕೋಟು ಹಾಕಿ ಲಿಂಕನ್ ಆಗಿ ಓಡಾಡಿದ್ದು ಆ ಬೀದಿಗಳಲ್ಲಿ.

ಇನ್ನು ನಮಗೇನು ಸಂಬಂಧ ಅಂದಿರಿ. 1861ರಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳಿಗೆ ಹತ್ತಿ ನಿಂತಿತು. ಇಂಗ್ಲಿಷರ ಕಣ್ಣು ಧಾರವಾಡ, ಹುಬ್ಬಳ್ಳಿ, ಗದಗಿನ ಎರೆಹೊಲಗಳ ಮೇಲೆ ಬಿತ್ತು. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಹತ್ತಿ ಬೀಜ ಬಿತ್ತಿಸಿದ್ದರು. ಬೆಲೆ ಗಗನಕ್ಕೇರಿತು. ಮೂಟೆಗಳು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಸೇರಿದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ದಾರಿಯ ಲೆಕ್ಕಾಚಾರ ಇತ್ತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ನೆಲಕಚ್ಚಿತು, ಮುಂಬಯಿಯ ಸಾಹುಕಾರರು ದಿವಾಳಿಯಾದರು. ಗದಗಿನ ಒಂದು ಒಕ್ಕಲು ಮನೆ, ಆ ನಾಲ್ಕು ವರ್ಷದ ದುಡ್ಡು, ಆಮೇಲಿನ ಸಾಲ, ಅಣ್ಣತಮ್ಮಂದಿರ ಜಗಳ: ಹತ್ತು ಕಂತಿಗೆ ಸಾಕಾಗುವಷ್ಟು ಕಥೆ ಅಲ್ಲೇ ಬಿದ್ದಿದೆ. ಟಿವಿಯವರೊಬ್ಬರಿಗೆ ಹೇಳಿದೆ. ‘ಇದರಲ್ಲಿ ಅತ್ತೆ ಯಾರು ಸಾರ್?’ ಅಂತ ಕೇಳಿದರು.