ಗೇಮ್ ಇರುವ ಡ್ರೈವನ್ನು ವಿಂಡೋಸ್‌ಗೂ ಲಿನಕ್ಸ್‌ಗೂ ಹಂಚಬೇಡಿ

ನಿಮ್ಮ ಪಿಸಿ ವಿಂಡೋಸ್ 11ಕ್ಕೆ ಆಗುವುದಿಲ್ಲ, ಗೇಮ್ ಬಿಡಲಾಗುವುದಿಲ್ಲ, ವಿಂಡೋಸ್, ಲಿನಕ್ಸ್ ಎರಡೂ ಓಎಸ್ (ಕಾರ್ಯಾಚರಣೆ ವ್ಯವಸ್ಥೆ) ಇಟ್ಟುಕೊಂಡು ಗೇಮ್ ಡ್ರೈವ್ ಒಂದನ್ನೇ ಬಳಸಬಹುದೇ, ಯಾವ ಡಿಸ್ಟ್ರೋ (ಲಿನಕ್ಸ್‌ನ ಆವೃತ್ತಿ) ಹಾಕಲಿ ಅಂತ ಕೇಳಿದ್ದೀರಿ. ನಾನು ಹಾಗೇ ಬಳಸಿದೆ. 140 ಗಂಟೆ ಆಡಿದ್ದ ಗೇಮಿನ ಸೇವ್ (ಆಟ ಎಲ್ಲಿಗೆ ಬಂತೆಂದು ಉಳಿಸಿಟ್ಟ ಫೈಲ್) ಕಳೆದುಕೊಂಡೆ. ಡಿಸ್ಟ್ರೋ ಯಾವುದಾಗಿದ್ದರೂ ಅದು ಹೋಗುತ್ತಿತ್ತು. ಹಾಗಾಗಿ ಡಿಸ್ಟ್ರೋ ಮಾತು ಆಮೇಲೆ, ಮೊದಲು ಡ್ರೈವ್.

ವಿಂಡೋಸ್‌ನಲ್ಲಿ ಡಿ ಡ್ರೈವ್ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಆಗಿತ್ತು, ಅದರಲ್ಲಿ ಸುಮಾರು 300 ಜಿಬಿ ಸ್ಟೀಮ್ ಗೇಮ್‌ಗಳು. ಲಿನಕ್ಸ್ ಹಾಕಿ, ಸ್ಟೀಮ್‌ನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಅದೇ ಡ್ರೈವ್ ತೋರಿಸಿದೆ. ಗೇಮ್‌ಗಳೆಲ್ಲ ಪಟ್ಟಿಯಲ್ಲಿ ಬಂದವು, ಓಡಿದವು ಕೂಡ. ಮೊದಲ ದಿನವೇ ಕೆಟ್ಟಿದ್ದರೆ ಯಾರೂ ಈ ದಾರಿ ಹಿಡಿಯುತ್ತಿರಲಿಲ್ಲ. ಕೆಡುವುದಕ್ಕೆ ಕೆಲವು ವಾರ ಹಿಡಿಯುತ್ತದೆ, ಅಷ್ಟರಲ್ಲಿ ನಂಬಿಕೆ ಬಂದುಬಿಟ್ಟಿರುತ್ತದೆ.

ಒಳಗೆ ನಡೆಯುವುದು ಹೀಗೆ. ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ಓಡಿಸುವುದು ಪ್ರೋಟಾನ್. ಸ್ಟೀಮ್ ಎಂಬ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಬಿಟ್ಟದ್ದು; ಅದರಲ್ಲಿ ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಇದೆ, ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌ಎಕ್ಸ್ ಕರೆಗಳನ್ನು ಲಿನಕ್ಸ್‌ನಲ್ಲೂ ಇರುವ ವಲ್ಕನ್‌ಗೆ ಬದಲಿಸುವ ಡಿಎಕ್ಸ್‌ವಿಕೆ, ವಿಕೆಡಿ3ಡಿ ಇವೆ. ಪ್ರತಿ ಗೇಮ್‌ಗೂ ಅದು ಒಂದೊಂದು ಪುಟ್ಟ ನಕಲಿ ವಿಂಡೋಸ್ ಕಟ್ಟಿಕೊಡುತ್ತದೆ. ಅದು ಕೂರುವುದು ಆ ಲೈಬ್ರರಿಯ ಸ್ಟೀಮ್‌ಆ್ಯಪ್ಸ್ ಒಳಗಿನ ಕಾಂಪಾಟ್‌ಡೇಟಾ ಎಂಬ ಫೋಲ್ಡರಿನಲ್ಲಿ, ಗೇಮಿನ ಆ್ಯಪ್ ಐಡಿ ಸಂಖ್ಯೆಯ ಹೆಸರಿನಡಿ. ಅದನ್ನು ತೆರೆದರೆ ಪಿಎಫ್‌ಎಕ್ಸ್, ಅದರೊಳಗೆ ಡಾಸ್‌ಡಿವೈಸಸ್, ಅದರೊಳಗೆ 'ಸಿ' ಅಕ್ಷರದ ಮುಂದೆ ಎರಡು ಚುಕ್ಕೆ ಇಟ್ಟ ಒಂದು ಸಿಂಬಾಲಿಕ್ ಲಿಂಕ್ (ಬೇರೊಂದು ಫೋಲ್ಡರಿಗೆ ದಾರಿ ತೋರುವ ಕೊಂಡಿ), 'ಝಡ್' ಮುಂದೆ ಎರಡು ಚುಕ್ಕೆ ಇಟ್ಟ ಇನ್ನೊಂದು. ಎಲ್ಲ ರಗಳೆ ಶುರುವಾಗುವುದು ಆ ಎರಡು ಚುಕ್ಕೆಗಳಿಂದ. ಲಿನಕ್ಸ್‌ಗೆ ಆ ಎರಡು ಚುಕ್ಕೆ, ಅಂದರೆ ಕೋಲನ್, ಇರುವ ಹೆಸರು ಮಾಮೂಲಿ. ವಿಂಡೋಸ್‌ನಲ್ಲಿ ಕೋಲನ್ ಕಾಯ್ದಿಟ್ಟ ಚಿಹ್ನೆ, ಫೈಲ್ ಹೆಸರಿನಲ್ಲಿ ಬರುವಂತಿಲ್ಲ. ಲಿನಕ್ಸ್‌ನ ಎನ್‌ಟಿಎಫ್‌ಎಸ್ ಡ್ರೈವರ್ ಅದನ್ನು ಬರೆದುಬಿಡುತ್ತದೆ, ವಿಂಡೋಸ್ ಅದನ್ನು ಕೆಟ್ಟ ನಮೂದು ಎಂದು ನೋಡುತ್ತದೆ. ಮುಂದಿನ ಬೂಟ್‌ನಲ್ಲಿ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ) ಓಡುತ್ತದೆ, 'ಸರಿಪಡಿಸು'ತ್ತದೆ.

ಇದರ ಮೇಲೆ ಎರಡನೇ ಪೆಟ್ಟು ಫಾಸ್ಟ್ ಸ್ಟಾರ್ಟ್‌ಅಪ್‌ನದು. ವಿಂಡೋಸ್ 10ರಲ್ಲಿ ಶಟ್‌ಡೌನ್ ಒತ್ತಿದರೆ ಸಿಸ್ಟಮ್ ಪೂರ್ತಿ ಮುಚ್ಚುವುದಿಲ್ಲ; ಕರ್ನಲ್ (ಓಎಸ್‌ನ ತಿರುಳು) ಭಾಗ ಹೈಬರ್ನೇಟ್ ಆಗುತ್ತದೆ, ಡಿಸ್ಕ್‌ಗಳ ಸ್ಥಿತಿಯನ್ನು ನೆನಪಿಟ್ಟುಕೊಂಡೇ ಮಲಗುತ್ತದೆ. ಆ ಡ್ರೈವಿನಲ್ಲಿ ಲಿನಕ್ಸ್ ಏನಾದರೂ ಬರೆದರೆ ಎದ್ದ ವಿಂಡೋಸ್‌ನ ಲೆಕ್ಕಕ್ಕೂ ಡಿಸ್ಕ್‌ನಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಇದು ಗೊತ್ತಿರುವುದರಿಂದಲೇ ಲಿನಕ್ಸ್ ಡ್ರೈವರ್ ಅಂಥ ಡ್ರೈವನ್ನು ಓದಲು ಮಾತ್ರ ಬಿಡುತ್ತದೆ, ಇಲ್ಲವೇ ಮೌಂಟ್ ಮಾಡುವುದಕ್ಕೇ (ಬಳಕೆಗೆ ಜೋಡಿಸುವುದಕ್ಕೇ) ಒಪ್ಪುವುದಿಲ್ಲ. ಆಗ ಸ್ಟೀಮ್ 'ಡಿಸ್ಕ್ ರೈಟ್ ಎರರ್' ತೋರಿಸುತ್ತದೆ. ಅದು ಎಚ್ಚರಿಕೆ. ನಾನು ಅದನ್ನು ಅಡಚಣೆ ಎಂದುಕೊಂಡು, ಹೈಬರ್ನೇಷನ್ ಫೈಲ್ ಅಳಿಸಿ ಬಲವಂತದಿಂದ ಮೌಂಟ್ ಮಾಡುವ ಆಯ್ಕೆ ಕೊಟ್ಟೆ, ಒಂದಲ್ಲ ಹಲವು ಸಲ. ಆಮೇಲೊಂದು ದಿನ ವಿಂಡೋಸ್ ಬೂಟ್ ಆಗುವಾಗ ಚೆಕ್‌ಡಿಸ್ಕ್ ಕಪ್ಪು ಪರದೆಯಲ್ಲಿ ಇಂಡೆಕ್ಸ್ ನಮೂದುಗಳನ್ನು ಒಂದೊಂದಾಗಿ ಅಳಿಸುತ್ತ ಹೋಯಿತು. ಉಳಿದದ್ದು 'ಫೌಂಡ್.000' ಎಂಬ ಅಡಗಿಸಿಟ್ಟ ಫೋಲ್ಡರ್, ಅದರಲ್ಲಿ ಹೆಸರಿಲ್ಲದ ತುಂಡುಗಳು. ಆ ಗೇಮ್‌ಗೆ ಕ್ಲೌಡ್ ಸೇವ್ ಇರಲಿಲ್ಲ. ಸೇವ್ ಇದ್ದದ್ದು ಕಾಂಪಾಟ್‌ಡೇಟಾದಲ್ಲಿ.

ತಪ್ಪು ಪೂರ್ತಿ ನನ್ನದೇ. ಗೇಮ್ ಫೈಲ್‌ಗಳನ್ನು ಯಾವಾಗ ಬೇಕಾದರೂ ಮತ್ತೆ ಇಳಿಸಿಕೊಳ್ಳಬಹುದು, ಸೇವ್ ಫೈಲ್ ಇಡೀ ಲೋಕದಲ್ಲಿ ಒಂದೇ ಪ್ರತಿ. ಡೌನ್‌ಲೋಡ್ ಉಳಿಸಲು ಹೋಗಿ ಅದನ್ನು ಪಣಕ್ಕಿಟ್ಟೆ.

ಕಾಂಪಾಟ್‌ಡೇಟಾ ಫೋಲ್ಡರನ್ನು ಮಾತ್ರ ಲಿನಕ್ಸ್ ಪಾರ್ಟಿಶನ್ನಿನಲ್ಲಿ (ಡಿಸ್ಕ್‌ನಲ್ಲಿ ಲಿನಕ್ಸ್‌ಗೆ ಬಿಟ್ಟ ಭಾಗ) ಇಟ್ಟು, ಎನ್‌ಟಿಎಫ್‌ಎಸ್ ಡ್ರೈವಿನಿಂದ ಅದಕ್ಕೊಂದು ಲಿಂಕ್ ಕೊಡುವ ಉಪಾಯ ಇದೆ. ಪ್ರೋಟಾನ್‌ನ ವಿಕಿಯಲ್ಲೇ ಅದನ್ನು ವಿವರಿಸಿದ್ದಾರೆ. ಕೋಲನ್ ತೊಂದರೆ ಅದರಿಂದ ತಪ್ಪುತ್ತದೆ, ಆದರೆ ಒಂದೇ ಡ್ರೈವಿಗೆ ಎರಡು ಓಎಸ್ ಬರೆಯುವುದು ತಪ್ಪುವುದಿಲ್ಲ. ಹಾಗೆ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಅಷ್ಟಕ್ಕೂ 300 ಜಿಬಿ ಮತ್ತೆ ಇಳಿಸಬೇಕಾಗಿಯೇ ಇಲ್ಲ. ಲಿನಕ್ಸ್‌ಗೆಂದೇ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಪಾರ್ಟಿಶನ್ ಮಾಡಿ ಅದರಲ್ಲಿ ಹೊಸ ಸ್ಟೀಮ್ ಲೈಬ್ರರಿ ತೆರೆಯಿರಿ. ಹಳೆಯ ಎನ್‌ಟಿಎಫ್‌ಎಸ್ ಡ್ರೈವನ್ನು ಓದಲು ಮಾತ್ರ ಮೌಂಟ್ ಮಾಡಿ, ಅದರ ಸ್ಟೀಮ್‌ಆ್ಯಪ್ಸ್, ಕಾಮನ್ ಒಳಗಿನ ಗೇಮ್ ಫೋಲ್ಡರನ್ನು ಹೊಸ ಲೈಬ್ರರಿಯ ಕಾಮನ್ ಫೋಲ್ಡರಿಗೆ ಕಾಪಿ ಮಾಡಿ. ಹೆಸರು ಒಂದಕ್ಷರವೂ ಬದಲಾಗಬಾರದು. ಆಮೇಲೆ ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿದರೆ ಇರುವ ಫೈಲ್‌ಗಳನ್ನು ಅದೇ ಪತ್ತೆಹಚ್ಚಿ, ಕಡಿಮೆ ಬಿದ್ದದ್ದನ್ನಷ್ಟೇ ತರಿಸಿಕೊಳ್ಳುತ್ತದೆ. ಗೇಮ್‌ಗೆ ಪ್ರತ್ಯೇಕ ಲಿನಕ್ಸ್ ಆವೃತ್ತಿ ಇದ್ದರೆ ಮಾತ್ರ ಬಹುಪಾಲು ಹೊಸದಾಗಿ ಇಳಿಯಬಹುದು. ವಿಂಡೋಸ್ ಆವೃತ್ತಿಯೇ ಬೇಕೆಂದರೆ ಮೊದಲೇ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿಯಲ್ಲಿ ಪ್ರೋಟಾನ್ ಆರಿಸಿ.

ಇದಕ್ಕೂ ಮುಂಚೆ ಸೇವ್‌ಗಳನ್ನು ಹೊರಗಿನ ಡಿಸ್ಕ್‌ಗೆ ತೆಗೆಯಿರಿ. ವಿಂಡೋಸ್‌ನಲ್ಲಿ ಅವು ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್, ಸೇವ್ಡ್ ಗೇಮ್ಸ್, ಮತ್ತು ಆ್ಯಪ್‌ಡೇಟಾದ ಲೋಕಲ್, ಲೋಕಲ್‌ಲೋ, ರೋಮಿಂಗ್ ಎಂಬ ಮೂರು ಫೋಲ್ಡರುಗಳಲ್ಲಿ ಹರಡಿಕೊಂಡಿರುತ್ತವೆ. ಯೂನಿಟಿಯಲ್ಲಿ ಮಾಡಿದ ಗೇಮ್‌ಗಳದ್ದು ಹೆಚ್ಚಾಗಿ ಲೋಕಲ್‌ಲೋದಲ್ಲಿ. ಆ್ಯಪ್‌ಡೇಟಾ ಅಡಗಿಸಿಟ್ಟ ಫೋಲ್ಡರ್, ಬರೀ ಡಾಕ್ಯುಮೆಂಟ್ಸ್ ಕಾಪಿ ಮಾಡಿದವರಿಗೆ ಅರ್ಧ ಸೇವ್ ಬರುವುದೇ ಇಲ್ಲ. ಕೈಯಲ್ಲಿ ಹುಡುಕಲು ಬೇಸರವಾದರೆ ಲುಡುಸಾವಿ ಎಂಬ ಮುಕ್ತ ತಂತ್ರಾಂಶ ಇದೆ, ಎರಡೂ ಓಎಸ್‌ನಲ್ಲಿ ಓಡುತ್ತದೆ. ಲಿನಕ್ಸ್‌ನಲ್ಲಿ ಗೇಮನ್ನು ಒಮ್ಮೆ ತೆರೆದು ಮುಚ್ಚಿ, ಆಗ ಕಾಂಪಾಟ್‌ಡೇಟಾ ಹುಟ್ಟುತ್ತದೆ. ಪಿಎಫ್‌ಎಕ್ಸ್, ಡ್ರೈವ್_ಸಿ, ಯೂಸರ್ಸ್, ಸ್ಟೀಮ್‌ಯೂಸರ್ ಎಂದು ಒಳಹೋದರೆ ವಿಂಡೋಸ್‌ನಲ್ಲಿದ್ದ ಅವೇ ಫೋಲ್ಡರುಗಳು ಕಾಣುತ್ತವೆ. ಸೇವ್ ಅಲ್ಲಿಗೆ ಹಾಕಿ. ಸ್ಟೀಮ್ 'ಕ್ಲೌಡ್ ಪ್ರತಿಯೋ, ಈ ಪಿಸಿಯ ಪ್ರತಿಯೋ' ಎಂದು ಕೇಳಿದರೆ ದಿನಾಂಕ, ಸಮಯ ನೋಡದೆ ಒತ್ತಬೇಡಿ.

ಇನ್ನು ಎರಡೂ ಓಎಸ್ ಇಟ್ಟುಕೊಳ್ಳುವ ಯೋಚನೆಯೇ ನಿಮಗೆ ಬೇಕೇ ಎಂದು ನಾನು ಕೇಳುತ್ತೇನೆ. 'ಎಲ್ಲಾದರೂ ಕೈಕೊಟ್ಟರೆ' ಎಂಬ ಭಯಕ್ಕೆ ಡ್ಯುಯಲ್ ಬೂಟ್ ಮಾಡುವವರು ಸಣ್ಣ ತೊಂದರೆ ಬಂದಾಗಲೆಲ್ಲ ರೀಸ್ಟಾರ್ಟ್ ಮಾಡಿ ವಿಂಡೋಸ್‌ಗೇ ಹೋಗುತ್ತಾರೆ, ಲಿನಕ್ಸ್ ಕಲಿಯುವುದೇ ಇಲ್ಲ. ಎರಡು ಬೇಕಾಗುವುದು ಒಂದೇ ಕಾರಣಕ್ಕೆ: ಆ್ಯಂಟಿ-ಚೀಟ್, ಅಂದರೆ ಆಟದಲ್ಲಿ ಮೋಸ ಹಿಡಿಯುವ ತಂತ್ರಾಂಶ. ಒಬ್ಬರೇ ಆಡುವ ಗೇಮ್‌ಗಳಲ್ಲಿ ಬಹುಪಾಲು ಈಗ ತಕರಾರಿಲ್ಲದೆ ಓಡುತ್ತವೆ, ಯಾವ ಗೇಮ್ ಹೇಗೆ ಓಡುತ್ತದೆಂದು ಬಳಕೆದಾರರು ಬರೆಯುವ ಪ್ರೋಟಾನ್‌ಡಿಬಿ ತಾಣದಲ್ಲಿ ಹೆಸರು ಹಾಕಿ ನೋಡಿ. ಆನ್‌ಲೈನ್ ಸ್ಪರ್ಧೆಯ ಗೇಮ್‌ಗಳ ಕಥೆ ಬೇರೆ. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಎರಡು ಆ್ಯಂಟಿ-ಚೀಟ್‌ಗಳು 2021ರಿಂದಲೇ ಪ್ರೋಟಾನ್‌ಗೆ ದಾರಿ ಕೊಟ್ಟಿವೆ, ಆದರೆ ಬಾಗಿಲು ತೆರೆಯುವುದು ಆಯಾ ಗೇಮ್ ಕಂಪನಿಯ ಕೈಯಲ್ಲಿದೆ. ಫೋರ್ಟ್‌ನೈಟ್ ತೆರೆದಿಲ್ಲ. ಏಪೆಕ್ಸ್ ಲೆಜೆಂಡ್ಸ್ ತೆರೆದಿದ್ದ ಬಾಗಿಲನ್ನು 2024ರ ಅಕ್ಟೋಬರ್ 31ರಂದು ಮುಚ್ಚಿತು. ವ್ಯಾಲರಂಟ್‌ನ ಆ್ಯಂಟಿ-ಚೀಟ್ ಆದ ವ್ಯಾನ್‌ಗಾರ್ಡ್‌ಗಂತೂ ಲಿನಕ್ಸ್ ಆವೃತ್ತಿಯೇ ಇಲ್ಲ. ಇಂಥ ಗೇಮೇ ನಿಮ್ಮ ಜೀವಾಳ ಎಂದಾದರೆ ಲಿನಕ್ಸ್‌ನಲ್ಲಿ ಅದನ್ನು ಓಡಿಸುವ ಸರ್ಕಸ್ ಮಾಡಬೇಡಿ, ಖಾತೆ ಬ್ಯಾನ್ ಆದೀತು. ಅದಕ್ಕೆ ಪ್ರತ್ಯೇಕ ಡಿಸ್ಕ್‌ನಲ್ಲಿ ವಿಂಡೋಸ್ ಇಟ್ಟು, ಗೇಮ್ ಬಿಟ್ಟು ಬೇರೇನೂ ಅಲ್ಲಿ ಮಾಡಬೇಡಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹಾಗಾಗಿ ಮೇಲ್, ಪಾಸ್‌ವರ್ಡ್, ಹಣದ ವ್ಯವಹಾರ ಎಲ್ಲ ಲಿನಕ್ಸ್ ಕಡೆಗೇ ಇರಲಿ.

ನನ್ನ ಅಭಿಪ್ರಾಯ ಕೇಳಿದರೆ, ವ್ಯಾನ್‌ಗಾರ್ಡ್ ತರಹದ್ದನ್ನು ನನ್ನ ಪಿಸಿಗೆ ಬಿಟ್ಟುಕೊಳ್ಳುವುದಿಲ್ಲ. ಅದು ಕರ್ನಲ್‌ನಷ್ಟೇ ಅಧಿಕಾರದಲ್ಲಿ, ಪಿಸಿ ಆನ್ ಆದಾಗಿನಿಂದಲೇ ಓಡುತ್ತದೆ. ಮೋಸಗಾರರನ್ನು ಹಿಡಿಯಬೇಕು, ಒಪ್ಪುತ್ತೇನೆ. ಆದರೆ ಆಟವಾಡುವ ಒಂದು ಗಂಟೆಗಾಗಿ ಮನೆಯ ಎಲ್ಲ ಬೀಗದ ಕೈ ಕೊಡಲು ನಾನು ತಯಾರಿಲ್ಲ. ಹಾಗೆಂದು ಲಿನಕ್ಸ್ ಹಾಕಿದ ಕೂಡಲೇ ಎಲ್ಲ ಸ್ವತಂತ್ರ ಎಂದೂ ತಿಳಿಯಬೇಡಿ. ಮುಕ್ತ ತಂತ್ರಾಂಶದ ನಾಲ್ಕು ಸ್ವಾತಂತ್ರ್ಯಗಳು, ಅಂದರೆ ಬೇಕಾದಂತೆ ಓಡಿಸುವ, ಒಳಗೆ ನೋಡಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಹಕ್ಕು, ಸ್ಟೀಮ್‌ಗೂ ಇಲ್ಲ, ಅದರಲ್ಲಿ ಕೊಂಡ ಗೇಮ್‌ಗೂ ಇಲ್ಲ. ಅಲ್ಲಿ ಕೊಳ್ಳುವುದು ಲೈಸೆನ್ಸ್ ಮಾತ್ರ. ದ ಕ್ರೂ ಗೇಮಿನ ಸರ್ವರ್ 2024ರ ಮಾರ್ಚ್ 31ರಂದು ನಿಂತಾಗ ಹಣ ಕೊಟ್ಟವರಿಗೂ ಆಟ ಸಿಗದೆ ಹೋಯಿತು. ಅದಕ್ಕೇ ನಾನು ಒಬ್ಬರೇ ಆಡುವ ಗೇಮ್ ಜಿಒಜಿ ಎಂಬ ಗೇಮ್ ಅಂಗಡಿಯಲ್ಲಿ ಸಿಕ್ಕರೆ ಅಲ್ಲೇ ಕೊಂಡು, ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿ ಇಟ್ಟುಕೊಳ್ಳುತ್ತೇನೆ. ಲಿನಕ್ಸ್‌ನಲ್ಲಿ ಅದನ್ನು ಹೀರೋಯಿಕ್ ಅಥವಾ ಲ್ಯೂಟ್ರಿಸ್ ಎಂಬ ಲಾಂಚರ್ ಮೂಲಕ ಹಾಕಬಹುದು.

ಇನ್ನು ಲಿನಕ್ಸ್ ಹಾಕುವಾಗ ಎಡವುವ ಜಾಗಗಳು. ಡಿಸ್ಕ್ ಬಿಟ್‌ಲಾಕರ್‌ನಲ್ಲಿದ್ದರೆ (ವಿಂಡೋಸ್‌ನ ಡಿಸ್ಕ್ ಬೀಗ) 48 ಅಂಕಿಯ ರಿಕವರಿ ಕೀ ಮೊದಲು ಕಾಗದದ ಮೇಲೆ ಬರೆದಿಡಿ; ಬಯಾಸ್‌ನಲ್ಲಿ (ಓಎಸ್‌ಗೂ ಮುಂಚೆ ತೆರೆಯುವ ಪಿಸಿಯ ಸೆಟ್ಟಿಂಗ್) ಸೆಕ್ಯೂರ್ ಬೂಟ್, ಅಂದರೆ ಸಹಿ ಇರುವುದನ್ನಷ್ಟೇ ಬೂಟ್ ಆಗಲು ಬಿಡುವ ಕಾವಲು, ಮುಟ್ಟಿದರೆ ವಿಂಡೋಸ್ ಅದನ್ನು ಕೇಳಬಹುದು. ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ: ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್‌ಗಳ ಕೆಲಸ ಆರಿಸುವ ಪುಟ, ಅಲ್ಲಿ ಟಿಕ್ ತೆಗೆಯಿರಿ. ಎರಡು ಡಿಸ್ಕ್ ಇದ್ದರೆ ಲಿನಕ್ಸ್ ಹಾಕುವಾಗ ವಿಂಡೋಸ್ ಡಿಸ್ಕ್‌ನ ಕೇಬಲ್ ಕಳಚಿ, ಮದರ್‌ಬೋರ್ಡಿಗೇ ಕೂರುವ ಎಂ.2 ಆದರೆ ಸ್ಕ್ರೂ ಬಿಚ್ಚಿ ತೆಗೆದಿಡಿ. ಕೆಲವು ಇನ್‌ಸ್ಟಾಲರ್‌ಗಳು ನೀವು ಎರಡನೇ ಡಿಸ್ಕ್ ಆರಿಸಿದರೂ ಬೂಟ್‌ಲೋಡರನ್ನು (ಓಎಸ್ ಎಬ್ಬಿಸುವ ಪ್ರೋಗ್ರಾಂ) ಮೊದಲ ಡಿಸ್ಕ್‌ನ ಇಎಫ್‌ಐ (ಬೂಟ್ ಫೈಲ್‌ಗಳ) ಪಾರ್ಟಿಶನ್ನಿಗೇ ತುರುಕುತ್ತವೆ. ಆಮೇಲೆ ಆ ಡಿಸ್ಕ್ ಫಾರ್ಮ್ಯಾಟ್ ಮಾಡಿದ ದಿನ ಲಿನಕ್ಸ್ ಕೂಡ ಬೂಟ್ ಆಗುವುದಿಲ್ಲ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ ಎಂಬ ವಿಧಾನದಲ್ಲಿದೆಯೇ ನೋಡಿ, ಎಎಚ್‌ಸಿಐ ಎಂಬ ವಿಧಾನಕ್ಕೆ ಬದಲಿಸಬೇಕು. ಆದರೆ ಹಾಗೆ ಬದಲಿಸುವ ಮುಂಚೆ ವಿಂಡೋಸನ್ನು ಮುಂದಿನ ಸಲ ಸೇಫ್ ಮೋಡ್‌ನಲ್ಲಿ ತೆರೆಯುವಂತೆ ಹೊಂದಿಸದಿದ್ದರೆ ಅದು ನೀಲಿ ಪರದೆಗೆ ಬೀಳುತ್ತದೆ.

ನಿಮ್ಮ ಪಿಸಿ ಹಳೆಯದು, ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಯಾವುದೆಂದು ಇವತ್ತೇ ನೋಡಿ. ಡಿಸ್ಟ್ರೋಗಿಂತ ಅದು ಹತ್ತು ಪಾಲು ಮುಖ್ಯ. ಪ್ರೋಟಾನ್ 8ರಿಂದ ಈಚೆಗೆ ವಲ್ಕನ್ 1.3 ಬೇಕು. ಎನ್‌ವಿಡಿಯಾ ಜಿಟಿಎಕ್ಸ್ 600, 700 ಸರಣಿಯ ಕೆಪ್ಲರ್ ಕಾರ್ಡ್‌ಗಳು 470 ಡ್ರೈವರ್‌ನಲ್ಲಿ ನಿಂತುಹೋಗಿವೆ, ಅವಕ್ಕೆ ವಲ್ಕನ್ 1.2 ಮಾತ್ರ, ಪ್ರೋಟಾನ್ 7 ಆರಿಸಿ ಹಳೆಯ ಗೇಮ್‌ಗಳಿಗೆ ತೃಪ್ತಿಪಡಬೇಕು. ಜಿಟಿಎಕ್ಸ್ 900, 1000 ಸರಣಿ ಚೆನ್ನಾಗಿ ನಡೆಯುತ್ತದೆ, ಆದರೆ ಅವಕ್ಕೆ 580 ಕೊನೆಯ ಡ್ರೈವರ್ ಶಾಖೆ, ಅದಕ್ಕಿಂತ ಹೊಸದು ಹಾಕಿದರೆ ಕಾರ್ಡ್ ಗುರುತಾಗುವುದಿಲ್ಲ. ಸೆಕ್ಯೂರ್ ಬೂಟ್ ಆನ್ ಇಟ್ಟು ಎನ್‌ವಿಡಿಯಾ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಬಹುದು. ರೀಸ್ಟಾರ್ಟ್ ಆದಾಗ ಎಂಒಕೆ ಎಂಬ ನೀಲಿ ಪರದೆ ಬಂದು ಕೆಲವೇ ಸೆಕೆಂಡ್ ಕಾಯುತ್ತದೆ, ಆಗ ಯಾವುದಾದರೂ ಕೀ ಒತ್ತಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಹಾಕಬೇಕು. ಹೆದರಿ ಬಿಟ್ಟರೆ ಡ್ರೈವರ್ ಲೋಡ್ ಆಗುವುದಿಲ್ಲ, ಗೇಮ್ ತೆವಳುತ್ತದೆ, ಬೈಗುಳ ಲಿನಕ್ಸ್‌ಗೆ.

ಡಿಸ್ಟ್ರೋ? ಮಿಂಟ್ ಹಾಕಿ. ಕಾರ್ಡ್ ತೀರಾ ಹೊಸ ಎಎಂಡಿ ಆಗಿದ್ದರೆ ಫೆಡೋರಾ ಅನ್ನುತ್ತಿದ್ದೆ, ನಿಮ್ಮದಕ್ಕೆ ಬೇಕಿಲ್ಲ. ಸ್ಟೀಮನ್ನು ಡಿಸ್ಟ್ರೋದ ಸ್ವಂತ ಪ್ಯಾಕೇಜಾಗಿ ಹಾಕಿ. ತನ್ನದೇ ಪೆಟ್ಟಿಗೆಯಲ್ಲಿ ಓಡುವ ಪ್ಯಾಕೇಜುಗಳಲ್ಲಿ ಸ್ನ್ಯಾಪ್ ಆವೃತ್ತಿ ಬೇಡ; ಫ್ಲಾಟ್‌ಪ್ಯಾಕ್ ಆದರೆ ಎರಡನೇ ಡಿಸ್ಕ್‌ನ ಲೈಬ್ರರಿ ಕಾಣಲು ಫ್ಲಾಟ್‌ಸೀಲ್ ಎಂಬ ಆ್ಯಪ್‌ನಲ್ಲಿ ಆ ಫೋಲ್ಡರಿಗೆ ಅನುಮತಿ ಕೊಡಬೇಕಾಗುತ್ತದೆ. ರೂಟ್‌ಗೆ (ಲಿನಕ್ಸ್ ಕೂರುವ ಪಾರ್ಟಿಶನ್) 80 ಜಿಬಿ, ಇಎಫ್‌ಐಗೆ 1 ಜಿಬಿ, ಉಳಿದದ್ದೆಲ್ಲ ಗೇಮ್‌ಗೆ ಇಎಕ್ಸ್‌ಟಿ4. ಡಿ ಡ್ರೈವಿನಿಂದ ಕಾಪಿ ಮುಗಿದು, ಒಂದೊಂದು ಗೇಮನ್ನೂ ತೆರೆದು ನಿಮ್ಮ ಸೇವ್ ಲೋಡ್ ಆಗುವುದನ್ನು ಕಣ್ಣಾರೆ ನೋಡುವವರೆಗೆ ಆ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಡಿ.